ಲಿನಕ್ಸ್ ಕಂಪ್ಯೂಟರಿನ ಮೆನುಗಳನ್ನು ಕನ್ನಡಕ್ಕೆ ತರುವುದು: ಯಾವುದು ಮೊದಲು, ಯಾವುದು ಆಮೇಲೆ

"ಮಾರಾಯ್ರೆ, ನೀವು ಹೇಳಿದ ಹಾಗೇ ಕನ್ನಡ ಹಾಕಿದೆ. ಎಂತದೂ ಬದಲಾಗಲಿಲ್ಲ." ಉಡುಪಿಯಲ್ಲಿ ನಾಲ್ಕು ಜನರಿಗೆ ಲಿನಕ್ಸ್ ಹಾಕಿಕೊಟ್ಟವರಿಗೆಲ್ಲ ಈ ಫೋನ್ ಬಂದೇ ಬರುತ್ತದೆ. ನನಗಂತೂ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಜಾಸ್ತಿಯಾಯಿತು. ಹಳೆ ಲ್ಯಾಪ್‌ಟಾಪ್ ಬಿಸಾಡಲು ಮನಸ್ಸಿಲ್ಲದವರು ಮಿಂಟ್ ಅಥವಾ ಉಬುಂಟು ಎಂಬ ಲಿನಕ್ಸ್ ಹಾಕಿಸಿಕೊಂಡರು. ಮನೆಯ ಹಿರಿಯರಿಗೆ ಮೆನು ಕನ್ನಡದಲ್ಲಿ ಬೇಕು ಅನಿಸಿತು. ಅಲ್ಲಿಂದ ಮಂಡೆಬಿಸಿ ಶುರು.

ಹೋಗಿ ನೋಡಿದರೆ ಹೆಚ್ಚಿನ ಕಡೆ ಒಂದೇ ಕಥೆ. ಕನ್ನಡ ಕೀಬೋರ್ಡ್ ಸೇರಿಸಿರುತ್ತಾರೆ, ಮೆನು ಬದಲಾಗಲಿ ಎಂದು ಕಾಯುತ್ತಿರುತ್ತಾರೆ. ಇಲ್ಲವೇ ಭಾಷೆ ಆರಿಸಿ ಲಾಗ್‌ಔಟ್ ಮಾಡದೇ ಬಿಟ್ಟಿರುತ್ತಾರೆ. ಒತ್ತಿದ ಗುಂಡಿ ಸರಿಯೇ ಇರುತ್ತದೆ, ಒತ್ತಿದ ಕ್ರಮ ತಪ್ಪಿರುತ್ತದೆ. ಆದ್ದರಿಂದ ಕೆಳಗಿನ ಹಂತಗಳನ್ನು ದಯವಿಟ್ಟು ಹಾರಿಸಬೇಡಿ.

## ಮೊದಲು ಇಷ್ಟು ತಿಳಿದಿರಲಿ

ಲಿನಕ್ಸ್‌ನಲ್ಲಿ "ಕನ್ನಡ" ಎಂದು ಒಂದೇ ಸ್ವಿಚ್ ಇಲ್ಲ. ಅಕ್ಷರ ಮೂಡಿಸುವ ಫಾಂಟ್ ಬೇರೆ. ಮೆನುವಿನ ಅನುವಾದ ಇರುವ ಭಾಷಾ ಪ್ಯಾಕ್ ಬೇರೆ. ಯಾವ ಭಾಷೆ ಮೊದಲು ತೋರಿಸಬೇಕು ಎಂದು ಹೇಳುವ ಲೊಕೇಲ್ ಬೇರೆ. ಟೈಪ್ ಮಾಡುವ ಕೀಬೋರ್ಡ್ ಪೂರಾ ಬೇರೆ. ಕೀಬೋರ್ಡ್ ಕನ್ನಡವಾದರೆ ಮೆನು ಕನ್ನಡವಾಗುವುದಿಲ್ಲ, ಮೆನು ಕನ್ನಡವಾದರೆ ಟೈಪಿಂಗ್ ಕನ್ನಡವಾಗುವುದಿಲ್ಲ.

ಇನ್ನೊಂದು ಮಾತು. ಎಲ್ಲ ಸರಿ ಮಾಡಿದ ಮೇಲೂ ಪರದೆಯಲ್ಲಿ ಅಲ್ಲಲ್ಲಿ ಇಂಗ್ಲಿಷ್ ಉಳಿಯುತ್ತದೆ. ಅದು ನಿಮ್ಮ ತಪ್ಪಲ್ಲ. ಅನುವಾದ ಮಾಡುವವರು ಸ್ವಯಂಸೇವಕರು. ಹೊಸ ಆವೃತ್ತಿಯಲ್ಲಿ ಸೇರಿದ ಸಾಲುಗಳಿಗೆ ಕನ್ನಡ ಇನ್ನೂ ಬಂದಿರದಿದ್ದರೆ ಅಲ್ಲಿ ಇಂಗ್ಲಿಷ್ ಕಾಣುತ್ತದೆ. ಅರ್ಧ ಕನ್ನಡ ಬಂದಿದ್ದರೆ ಕೆಲಸ ಆಗಿದೆ ಎಂದೇ ಅರ್ಥ. ಒಂದಕ್ಷರವೂ ಬರದಿದ್ದರೆ ಮಾತ್ರ ಹುಡುಕಬೇಕು.

## ಬೇಕಾದ ಸಾಮಾನು

ನಿಲ್ಲದ ಇಂಟರ್ನೆಟ್, ಅಡ್ಮಿನ್ ಪಾಸ್‌ವರ್ಡ್, ಫೋಟೋ ತೆಗೆಯಲು ಮೊಬೈಲ್. ಅರ್ಧ ಗಂಟೆ ಸಮಯ. ಮಳೆಗಾಲದಲ್ಲಿ ಮಾಡುವುದಾದರೆ ಬ್ಯಾಟರಿ ತುಂಬಿಸಿಕೊಳ್ಳಿ. ಪ್ಯಾಕೇಜ್ ಇಳಿಯುತ್ತಿರುವಾಗ ಕರೆಂಟ್ ಹೋದರೆ ಇನ್‌ಸ್ಟಾಲ್ ಅರ್ಧಕ್ಕೆ ನಿಂತು, ಅದನ್ನು ರಿಪೇರಿ ಮಾಡುವುದೇ ಬೇರೆ ಕೆಲಸವಾಗುತ್ತದೆ.

ಮೊದಲು ಸಿಸ್ಟಮ್ ಅಪ್‌ಡೇಟ್ ಮಾಡಿ. ತಿಂಗಳುಗಟ್ಟಲೆ ಅಪ್‌ಡೇಟ್ ಮಾಡದ ಯಂತ್ರದಲ್ಲಿ ಪ್ಯಾಕೇಜ್ ಪಟ್ಟಿ ಹಳತಾಗಿರುತ್ತದೆ. ಭಾಷಾ ಪ್ಯಾಕ್ ಸಿಗಲಿಲ್ಲ ಎಂಬ ಸಂದೇಶ ಹೆಚ್ಚಾಗಿ ಇದರಿಂದಲೇ ಬರುವುದು.

ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಕಿಟಕಿ) ಆಜ್ಞೆಗಳನ್ನು ನಾನಿಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವನ್ನೇ ಬಳಸಬೇಕು. ಕನ್ನಡದ ಸಂಕೇತ "ಕೆಎನ್", ಎರಡೇ ಅಕ್ಷರ, ಎರಡೂ ಸಣ್ಣವು. ಭಾರತದ ಕನ್ನಡ ಎಂದರೆ ಕೆಎನ್, ಅಂಡರ್‌ಸ್ಕೋರ್, ಐಎನ್. ಇದರಲ್ಲಿ ಐಎನ್ ಮಾತ್ರ ದೊಡ್ಡಕ್ಷರ. ಕೆಎ ಎಂದು ಹಾಕಬೇಡಿ. ಅದು ನಮ್ಮ ಗಾಡಿಗಳ ನಂಬರ್ ಪ್ಲೇಟಿಗೆ ಸರಿ, ಲಿನಕ್ಸ್‌ನಲ್ಲಿ ಕೆಎ ಎಂದರೆ ಜಾರ್ಜಿಯನ್ ಭಾಷೆ!

## ಹಂತ 1: ವಾಪಸ್ ಬರುವ ದಾರಿ ಗುರುತು ಮಾಡಿಕೊಳ್ಳಿ

ಇದನ್ನು ಯಾರೂ ಮಾಡುವುದಿಲ್ಲ. ಆಮೇಲೆ ಫೋನ್ ಮಾಡುತ್ತಾರೆ.

ಭಾಷೆಯ ಸೆಟ್ಟಿಂಗ್‌ವರೆಗೆ ಹೋಗುವ ಪ್ರತಿಯೊಂದು ಪರದೆಯ ಫೋಟೋ ಮೊಬೈಲಿನಲ್ಲಿ ತೆಗೆದಿಡಿ. ಮೆನು ಬದಲಾದ ಮೇಲೆ ಹೆಸರುಗಳು ಬೇರೆಯಾಗುತ್ತವೆ, ಆದರೆ ಜಾಗ ಬದಲಾಗುವುದಿಲ್ಲ. ಎಡಗಡೆ ಪಟ್ಟಿಯಲ್ಲಿ ಎಷ್ಟನೆಯದು, ಐಕಾನ್ ಯಾವುದು ಎಂದು ಫೋಟೋ ನೋಡಿ ಹಿಂದೆ ಬರಬಹುದು. ಕೈತಪ್ಪಿ ಕನ್ನಡದ ಬದಲು ಪಕ್ಕದ ಕಝಕ್ ಅಥವಾ ಖಮೇರ್ ಆರಿಸಿಬಿಟ್ಟರೆ ಫೋಟೋ ಒಂದೇ ಗತಿ.

ಇನ್ನೂ ಒಳ್ಳೆಯ ಉಪಾಯ, ಒಂದು ಎರಡನೇ ಯೂಸರ್ ಖಾತೆ ಮಾಡಿ ಅದರಲ್ಲಿ ಪ್ರಯೋಗ ಮಾಡುವುದು. ಲಿನಕ್ಸ್‌ನಲ್ಲಿ ಪ್ರತಿ ಖಾತೆಗೂ ಅದರದೇ ಭಾಷೆ ಇಟ್ಟುಕೊಳ್ಳಬಹುದು. ಒಂದೇ ಕಂಪ್ಯೂಟರಿನಲ್ಲಿ ಅಜ್ಜಿಗೆ ಕನ್ನಡ, ಮಣಿಪಾಲದಲ್ಲಿ ಓದುವ ಮೊಮ್ಮಗನಿಗೆ ಇಂಗ್ಲಿಷ್ ಎಂದರೆ ಖಾತೆ ಎರಡು ಮಾಡುವುದೇ ಸರಿ. ಜಗಳ ಇಲ್ಲ.

## ಹಂತ 2: ಅಕ್ಷರ ಸರಿಯಾಗಿ ಮೂಡುತ್ತದಾ ನೋಡಿ

ಮೆನು ಬದಲಾಯಿಸುವ ಮೊದಲೇ ಫಾಂಟ್ ಪರೀಕ್ಷೆ ಮಾಡಿ. ಫಾಂಟ್ ಇಲ್ಲದೆ ಭಾಷೆ ಬದಲಾಯಿಸಿದರೆ ಪರದೆ ತುಂಬ ಚೌಕ ಡಬ್ಬಿಗಳು ಬರುತ್ತವೆ. ಡಬ್ಬಿಗಳ ನಡುವೆ ಸೆಟ್ಟಿಂಗ್ಸ್ ಎಲ್ಲಿದೆ ಎಂದು ಹುಡುಕುವುದು ಕಷ್ಟ.

ನನ್ನ ಪರೀಕ್ಷಾ ಸಾಲು ಇದು: ಕಾರ್ಕಳ, ಬ್ರಹ್ಮಾವರ, ಸುರತ್ಕಲ್, ಉಳ್ಳಾಲ, ಕೊಲ್ಲೂರು. ಈ ಸಾಲನ್ನು ಕಾಪಿ ಮಾಡಿ ಟೆಕ್ಸ್ಟ್ ಎಡಿಟರಿನಲ್ಲಿ ಅಂಟಿಸಿ, ಅಕ್ಷರ ದೊಡ್ಡದು ಮಾಡಿ ನೋಡಿ. ಕಾರ್ಕಳದಲ್ಲಿ ಅರ್ಕಾವೊತ್ತು ಎರಡನೇ ಕಕಾರದ ಬಲಕ್ಕೆ ಬರಬೇಕು. ಬ್ರಹ್ಮಾವರದಲ್ಲಿ ಬಕಾರದ ಕೆಳಗೆ ರ ಒತ್ತು, ಹಾ ಕೆಳಗೆ ಮ ಒತ್ತು ಕೂರಬೇಕು. ಸುರತ್ಕಲ್‌ನ ಕೊನೆಯ ಲಕಾರ ಅರ್ಧಾಕ್ಷರವಾಗಿಯೇ ಇರಬೇಕು. ಒತ್ತುಗಳು ಕೆಳಗೆ ಇಳಿಯದೆ ಸಾಲಾಗಿ ನಿಂತಿದ್ದರೆ, ಅಥವಾ ಚುಕ್ಕಿ ಚುಕ್ಕಿ ವೃತ್ತ ಕಾಣಿಸಿದರೆ ಫಾಂಟ್ ಹಾಕಬೇಕು ಎಂದರ್ಥ.

ಉಬುಂಟು, ಮಿಂಟ್, ಡೆಬಿಯನ್‌ಗಳಲ್ಲಿ ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಗುಬ್ಬಿ, ನವಿಲು, ಲೋಹಿತ್ ಕನ್ನಡ ಎಂಬ ಫಾಂಟ್‌ಗಳು ಸಿಗುತ್ತವೆ. ನೋಟೋ ಸಾನ್ಸ್ ಕನ್ನಡವೂ ಉಂಟು. ಮೆನುವಿನ ಸಣ್ಣ ಅಕ್ಷರಕ್ಕೆ ನನಗೆ ನೋಟೋ ಇಷ್ಟ, ಗೆರೆ ಸ್ಪಷ್ಟ. ಫಾಂಟ್ ಹಾಕಿದ ಮೇಲೆ ತೆರೆದಿರುವ ಆ್ಯಪ್‌ಗಳನ್ನು ಮುಚ್ಚಿ ಮತ್ತೆ ತೆರೆಯಿರಿ.

ಇಲ್ಲೊಂದು ಗೊಂದಲ ಪದೇ ಪದೇ ಬರುತ್ತದೆ. ಹಳೆಯ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣಿಸುತ್ತದೆ. ಇದಕ್ಕೆ ಭಾಷಾ ಸೆಟ್ಟಿಂಗ್ ಕಾರಣವಲ್ಲ. ಆ ಕಡತ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತದಲ್ಲಿ, ಇಲ್ಲ. ಅದನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಬೇಕು. ಮೆನು ಕನ್ನಡ ಮಾಡಿದರೂ ಆ ಕಡತ ಹಾಗೇ ಇರುತ್ತದೆ.

## ಹಂತ 3: ಭಾಷಾ ಪ್ಯಾಕ್ ಹಾಕಿ, ಆಮೇಲೆ ಭಾಷೆ ಆರಿಸಿ

ಅತಿ ಹೆಚ್ಚು ಜನ ಎಡವುವುದು ಈ ಹಂತದಲ್ಲಿ. ನಿಮ್ಮ ಲಿನಕ್ಸ್ ಯಾವುದೋ ಅದನ್ನು ಮಾತ್ರ ಓದಿ.

ಉಬುಂಟು 24.04. ಸೆಟ್ಟಿಂಗ್ಸ್ ತೆರೆದು ಎಡಗಡೆ ಪಟ್ಟಿಯ ಕೊನೆಯಲ್ಲಿರುವ ಸಿಸ್ಟಮ್ ಒತ್ತಿ. ಅದರೊಳಗೆ ರೀಜನ್ ಅಂಡ್ ಲ್ಯಾಂಗ್ವೇಜ್. ಹಳೆಯ 22.04ರಲ್ಲಿ ಇದು ಸಿಸ್ಟಮ್ ಒಳಗಿರಲಿಲ್ಲ, ನೇರ ಎಡಪಟ್ಟಿಯಲ್ಲೇ ಇತ್ತು. ಅಲ್ಲಿ ಮ್ಯಾನೇಜ್ ಇನ್‌ಸ್ಟಾಲ್ಡ್ ಲ್ಯಾಂಗ್ವೇಜಸ್ ಒತ್ತಿದರೆ ಲ್ಯಾಂಗ್ವೇಜ್ ಸಪೋರ್ಟ್ ಎಂಬ ಸಣ್ಣ ಕಿಟಕಿ ತೆರೆಯುತ್ತದೆ. "ಭಾಷಾ ಬೆಂಬಲ ಪೂರ್ತಿ ಇಲ್ಲ, ಹಾಕಲೇ?" ಎಂದು ಅದು ಕೇಳಿದರೆ ಇನ್‌ಸ್ಟಾಲ್ ಕೊಡಿ. ಅವಸರದಲ್ಲಿ ಆಮೇಲೆ ನೆನಪಿಸು ಎಂದು ಒತ್ತಿಬಿಡಬೇಡಿ.

ನಂತರ ಇನ್‌ಸ್ಟಾಲ್ ಆರ್ ರಿಮೂವ್ ಲ್ಯಾಂಗ್ವೇಜಸ್ ಒತ್ತಿ, ಕನ್ನಡಕ್ಕೆ ಟಿಕ್ ಹಾಕಿ, ಅಪ್ಲೈ ಮಾಡಿ. ಪ್ಯಾಕ್ ಇಳಿಯಲು ಬಿಡಿ.

ಈಗ ಬಂತು ನೋಡಿ ಮುಖ್ಯ ವಿಷಯ. ಪ್ಯಾಕ್ ಇಳಿದ ಮೇಲೆ ಕನ್ನಡ ಆ ಪಟ್ಟಿಯ ತಳದಲ್ಲಿ ಮಸುಕಾಗಿ ಕೂತಿರುತ್ತದೆ. ಅದನ್ನು ಕ್ಲಿಕ್ ಮಾಡಿದರೆ ಸಾಲದು. ಮೌಸಿನಲ್ಲಿ ಹಿಡಿದು ಎಳೆದು, ಇಂಗ್ಲಿಷ್‌ಗಿಂತ ಮೇಲೆ, ಎಲ್ಲಕ್ಕಿಂತ ಮೊದಲ ಸಾಲಿಗೆ ತಂದು ಬಿಡಬೇಕು. ಇಂಗ್ಲಿಷ್‌ನ ಕೆಳಗೆ ಇಟ್ಟ ಭಾಷೆಯನ್ನು ಉಬುಂಟು ನೋಡುವುದೇ ಇಲ್ಲ, ಏಕೆಂದರೆ ಮೂಲ ಮೆನು ಇಂಗ್ಲಿಷ್‌ನಲ್ಲಿ ಯಾವಾಗಲೂ ಸಿಗುತ್ತದೆ. ಮೊದಲ ಸಾಲು ಕನ್ನಡ, ಎರಡನೇ ಸಾಲು ಇಂಗ್ಲಿಷ್. ನಡುವೆ ಹಿಂದಿ ಬಂದರೆ ಕನ್ನಡ ಅನುವಾದ ಇಲ್ಲದ ಜಾಗದಲ್ಲೆಲ್ಲ ಹಿಂದಿ ಕಾಣಿಸುತ್ತದೆ. ಕಾಪು ಕಡೆಯ ಒಬ್ಬರ ಲ್ಯಾಪ್‌ಟಾಪಿನಲ್ಲಿ ಹೀಗೇ ಆಗಿ, ಇದು ವೈರಸ್ಸಾ ಎಂದು ಕೇಳಿದ್ದರು. ಒಂದು ಸಾಲು ಎಳೆದು ಕೆಳಗೆ ಹಾಕಿದೆ, ಮುಗಿಯಿತು.

ಟಚ್‌ಪ್ಯಾಡ್‌ನಲ್ಲಿ ಎಳೆಯುವುದು ಕಷ್ಟವಾದರೆ ಮೌಸ್ ಹಾಕಿಕೊಳ್ಳಿ. ಅರ್ಧದಲ್ಲಿ ಬಿಟ್ಟರೆ ಸಾಲು ಹಿಂದೆ ಹೋಗಿ ಕೂರುತ್ತದೆ.

ಲಿನಕ್ಸ್ ಮಿಂಟ್. ಮೆನುವಿನಲ್ಲಿ ಲ್ಯಾಂಗ್ವೇಜಸ್ ಎಂದು ಹುಡುಕಿ. ಕೆಳಗಿರುವ ಇನ್‌ಸ್ಟಾಲ್ ಆರ್ ರಿಮೂವ್ ಲ್ಯಾಂಗ್ವೇಜಸ್ ಮೊದಲು ಒತ್ತಿ. ಪಟ್ಟಿಯಲ್ಲಿ ಕನ್ನಡ ಇಲ್ಲದಿದ್ದರೆ ಆ್ಯಡ್ ಒತ್ತಿ ಸೇರಿಸಿ. ಸೇರಿಸಿದ ಕೂಡಲೇ ಕೆಲಸ ಆಯಿತು ಎಂದುಕೊಳ್ಳಬೇಡಿ. ಕನ್ನಡದ ಎದುರು "ಕೆಲವು ಪ್ಯಾಕ್ ಬಾಕಿ" ಎಂಬ ಅರ್ಥದ ಸಾಲಿದ್ದರೆ, ಕನ್ನಡವನ್ನು ಆರಿಸಿಕೊಂಡು ಇನ್‌ಸ್ಟಾಲ್ ಲ್ಯಾಂಗ್ವೇಜ್ ಪ್ಯಾಕ್ಸ್ ಒತ್ತಲೇಬೇಕು. ಮಿಂಟ್‌ನಲ್ಲಿ ಸೋತವರೆಲ್ಲ ಈ ಗುಂಡಿ ನೋಡದೇ ಬಿಟ್ಟವರು. ಇದು ಮುಗಿದ ಮೇಲೆ ಹಿಂದಿನ ಕಿಟಕಿಗೆ ಬಂದು, ಲ್ಯಾಂಗ್ವೇಜ್ ಸಾಲಿನಲ್ಲಿ ಕನ್ನಡ ಆರಿಸಿ.

ಫೆಡೋರಾ. ಮೊದಲು ಟರ್ಮಿನಲ್‌ನಲ್ಲಿ "ಸುಡೋ ಡಿಎನ್ಎಫ್ ಇನ್‌ಸ್ಟಾಲ್ ಲ್ಯಾಂಗ್‌ಪ್ಯಾಕ್ಸ್-ಕೆಎನ್". ಆಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ರೀಜನ್ ಅಂಡ್ ಲ್ಯಾಂಗ್ವೇಜ್. ಭಾಷೆಗಳ ಪಟ್ಟಿ ಮೊದಲು ಚಿಕ್ಕದಾಗಿ ಕಾಣುತ್ತದೆ. ಕೆಳಗಿನ ಮೂರು ಚುಕ್ಕಿ ಒತ್ತಿದರೆ ಪೂರ್ತಿ ಪಟ್ಟಿ ಬರುತ್ತದೆ, ಕನ್ನಡ ಅಲ್ಲಿದೆ.

ಡೆಬಿಯನ್. ಟರ್ಮಿನಲ್‌ನಲ್ಲಿ "ಸುಡೋ ಡಿಪಿಕೆಜಿ-ರೀಕಾನ್ಫಿಗರ್ ಲೊಕೇಲ್ಸ್" ಕೊಡಿ. ಉದ್ದ ಪಟ್ಟಿ ಬರುತ್ತದೆ. ಕನ್ನಡದ ಸಾಲಿಗೆ ಹೋಗಿ ಸ್ಪೇಸ್ ಬಾರ್ ಒತ್ತಬೇಕು, ಆಗ ನಕ್ಷತ್ರದ ಗುರುತು ಬೀಳುತ್ತದೆ. ಎಂಟರ್ ಒತ್ತಿದರೆ ಏನೂ ಆರಿಸದೆ ಮುಂದಿನ ಪರದೆಗೆ ಹೋಗಿಬಿಡುತ್ತದೆ. ಇಂಗ್ಲಿಷ್‌ನ ನಕ್ಷತ್ರ ತೆಗೆಯಬೇಡಿ, ಎರಡೂ ಇರಲಿ. ನಂತರದ ಪರದೆಯಲ್ಲಿ ಮುಖ್ಯ ಭಾಷೆ ಯಾವುದು ಎಂದು ಕೇಳುತ್ತದೆ, ಅಲ್ಲಿ ಕನ್ನಡ ಆರಿಸಿ.

ಕೆಡಿಇ ಪ್ಲಾಸ್ಮಾ ಎಂಬ ಡೆಸ್ಕ್‌ಟಾಪ್ ಇದ್ದರೆ. ಸಿಸ್ಟಮ್ ಸೆಟ್ಟಿಂಗ್ಸ್‌ನ ರೀಜನ್ ಅಂಡ್ ಲ್ಯಾಂಗ್ವೇಜ್‌ನಲ್ಲಿ ಲ್ಯಾಂಗ್ವೇಜ್ ಸಾಲಿನ ಎದುರಿನ ಗುಂಡಿ ಒತ್ತಿ ಬದಲಾಯಿಸಿ. ಇಲ್ಲಿಯೂ ಮೇಲಿದ್ದದ್ದೇ ಮೊದಲು. ಕನ್ನಡ ಪಟ್ಟಿಯಲ್ಲಿ ಕಾಣದಿದ್ದರೆ ಪ್ಯಾಕ್ ಇಳಿದಿಲ್ಲ ಎಂದು ತಿಳಿಯಿರಿ.

ಎಲ್ಲ ಕಡೆ ಪಕ್ಕದಲ್ಲೇ ಫಾರ್ಮ್ಯಾಟ್ಸ್ ಅಥವಾ ರೀಜನ್ ಎಂಬ ಇನ್ನೊಂದು ಆಯ್ಕೆ ಇರುತ್ತದೆ. ಇದು ದಿನಾಂಕ, ಸಂಖ್ಯೆ, ರೂಪಾಯಿ ತೋರಿಸುವ ರೀತಿ. ಮೆನುವಿಗೂ ಇದಕ್ಕೂ ಸಂಬಂಧವಿಲ್ಲ. ಬರೀ ಇದನ್ನು ಕನ್ನಡ ಮಾಡಿ ಮೆನು ಬದಲಾಗಲಿಲ್ಲ ಎನ್ನುವವರೂ ಇದ್ದಾರೆ. ದಿನಾಂಕ ಓದಿ ಕೆಲಸ ಮಾಡುವ ಸ್ಕ್ರಿಪ್ಟ್‌ಗಳು ನಿಮ್ಮಲ್ಲಿದ್ದರೆ ಇದನ್ನು ಇಂಗ್ಲಿಷ್, ಇಂಡಿಯಾ ಎಂದೇ ಬಿಡಿ. ಇಲ್ಲವಾದರೆ ತಿಂಗಳ ಹೆಸರು ಕನ್ನಡದಲ್ಲಿ ಬಂದು ಸ್ಕ್ರಿಪ್ಟ್ ತಬ್ಬಿಬ್ಬಾಗುತ್ತದೆ.

## ಹಂತ 4: ಲಾಗ್‌ಔಟ್, ಮತ್ತು ಆ ಒಂದು ಪ್ರಶ್ನೆ

ಭಾಷೆ ಆರಿಸಿದ ಮೇಲೆ ಕಿಟಕಿ ಮುಚ್ಚಿ ತೆರೆದರೆ ಸಾಲದು. ಮುಚ್ಚಳ ಮುಚ್ಚಿ ತೆರೆದರೂ ಸಾಲದು, ಲ್ಯಾಪ್‌ಟಾಪ್ ಮಲಗಿ ಎದ್ದಿರುತ್ತದೆ ಅಷ್ಟೇ. ಲಾಗ್‌ಔಟ್ ಮಾಡಿ ಮತ್ತೆ ಒಳಗೆ ಬನ್ನಿ. ಅನುಮಾನ ಇದ್ದರೆ ರೀಸ್ಟಾರ್ಟ್ ಮಾಡಿ.

ಒಳಗೆ ಬಂದ ಕೂಡಲೇ ಒಂದು ಕಿಟಕಿ ಎದ್ದು ಬರಬಹುದು. ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳ ಹೆಸರನ್ನು ಹೊಸ ಭಾಷೆಗೆ ಬದಲಾಯಿಸಲೇ ಎಂದು ಕೇಳುತ್ತದೆ. ಹಳೆ ಹೆಸರು ಇರಲಿ ಎಂಬುದನ್ನೇ ಆರಿಸಿ.

ಯಾಕೆ ಅಂದರೆ, ಹೆಸರು ಬದಲಾಯಿಸಿ ಎಂದರೆ ಕನ್ನಡ ಹೆಸರಿನ ಹೊಸ ಫೋಲ್ಡರ್ ಹುಟ್ಟುತ್ತದೆ. ಹಳೆ ಫೋಲ್ಡರಿನಲ್ಲಿರುವ ಕಡತಗಳು ಅಲ್ಲಿಗೆ ಹೋಗುವುದಿಲ್ಲ. ಆ ಕಿಟಕಿಯಲ್ಲೇ ಈ ಮಾತು ಸಣ್ಣದಾಗಿ ಬರೆದಿರುತ್ತದೆ, ಓದುವವರು ಯಾರು? ನಮ್ಮ ಬಂಧುವೊಬ್ಬರು ಹೌದು ಒತ್ತಿ, ಮರುದಿನ ಮೊಮ್ಮಗಳ ನಾಮಕರಣದ ಫೋಟೋ ಎಲ್ಲ ಹೋಯಿತು ಎಂದು ಅಳುವುದೊಂದು ಬಾಕಿ. ಫೋಟೋ ಎಲ್ಲೂ ಹೋಗಿರಲಿಲ್ಲ. ಪಿಕ್ಚರ್ಸ್ ಎಂಬ ಹಳೆ ಫೋಲ್ಡರ್ ಹೋಮ್ ಒಳಗೆ ಹಾಗೇ ಇತ್ತು. ಫೋಟೋ ತೋರಿಸುವ ಆ್ಯಪ್ ಮಾತ್ರ ಹೊಸ, ಖಾಲಿ ಫೋಲ್ಡರ್ ನೋಡುತ್ತಿತ್ತು.

ಆಗಲೇ ಹೌದು ಒತ್ತಿಬಿಟ್ಟಿದ್ದರೆ ಗಾಬರಿ ಬೇಡ. ಹೋಮ್ ಫೋಲ್ಡರ್ ತೆರೆದು ಹಳೆ ಫೋಲ್ಡರಿನ ಕಡತಗಳನ್ನು ಹೊಸದಕ್ಕೆ ಕಟ್ ಮಾಡಿ ಅಂಟಿಸಿ. ಹಿಂದೆ ಮುಂದೆ ನೋಡದೆ ಯಾವ ಫೋಲ್ಡರನ್ನೂ ಅಳಿಸಬೇಡಿ.

## ಹಂತ 5: ಲಾಗಿನ್ ಪರದೆ

ಡೆಬಿಯನ್ ಬಿಟ್ಟರೆ ಹಂತ 3ರಲ್ಲಿ ಮಾಡಿದ್ದು ನಿಮ್ಮ ಖಾತೆಗೆ ಮಾತ್ರ. ಲಾಗಿನ್ ಪರದೆಯೂ ಕನ್ನಡ ಬೇಕಾದರೆ ಉಬುಂಟು, ಮಿಂಟ್ ಎರಡರಲ್ಲೂ ಅಪ್ಲೈ ಸಿಸ್ಟಮ್-ವೈಡ್ ಎಂಬ ಗುಂಡಿ ಉಂಟು. ಪಾಸ್‌ವರ್ಡ್ ಕೇಳುತ್ತದೆ. ಮನೆಯಲ್ಲಿ ಇಂಗ್ಲಿಷ್ ಬೇಕಾದವರೂ ಇದ್ದರೆ ಇದನ್ನು ಮುಟ್ಟಬೇಡಿ.

## ಹಂತ 6: ಒಂದೊಂದೇ ಆ್ಯಪ್

ಡೆಸ್ಕ್‌ಟಾಪ್ ಕನ್ನಡವಾಯಿತು, ಬ್ರೌಸರ್ ಆಗಲಿಲ್ಲ. ಇದು ಸಹಜ. ಕೆಲವು ಆ್ಯಪ್‌ಗಳು ಸಿಸ್ಟಮ್ ಹೇಳಿದ್ದನ್ನು ಕೇಳುತ್ತವೆ, ಕೆಲವಕ್ಕೆ ಬೇರೆ ಹೇಳಬೇಕು.

ಫೈರ್‌ಫಾಕ್ಸ್‌ನಲ್ಲಿ ಸೆಟ್ಟಿಂಗ್ಸ್‌ನ ಭಾಷಾ ವಿಭಾಗಕ್ಕೆ ಹೋಗಿ. ಅಲ್ಲಿನ ಪಟ್ಟಿಯಲ್ಲಿ ಇನ್ನಷ್ಟು ಭಾಷೆ ಹುಡುಕು ಎಂಬುದನ್ನು ಒತ್ತಿ ಕನ್ನಡ ಸೇರಿಸಿ, ರೀಸ್ಟಾರ್ಟ್ ಕೊಡಿ. ಹತ್ತಿರದಲ್ಲೇ ವೆಬ್ ಪುಟಗಳನ್ನು ಯಾವ ಭಾಷೆಯಲ್ಲಿ ತೋರಿಸಬೇಕು ಎಂಬ ಇನ್ನೊಂದು ಆಯ್ಕೆ ಉಂಟು. ಅದು ಬ್ರೌಸರಿನ ಮೆನುವಿಗಲ್ಲ, ವೆಬ್‌ಸೈಟ್‌ಗಳಿಗೆ ಹೇಳುವ ಮಾತು. ಎರಡೂ ಬದಲಾಯಿಸಿದರೆ ಒಳ್ಳೆಯದು, ಆದರೆ ಒಂದನ್ನು ಬದಲಾಯಿಸಿ ಇನ್ನೊಂದರ ಫಲ ನಿರೀಕ್ಷಿಸಬೇಡಿ.

ಕ್ರೋಮ್‌ನ ಕಥೆ ಉಲ್ಟಾ. ವಿಂಡೋಸ್‌ನಲ್ಲಿ ಇರುವ "ಈ ಭಾಷೆಯಲ್ಲಿ ಕ್ರೋಮ್ ತೋರಿಸು" ಎಂಬ ಆಯ್ಕೆ ಲಿನಕ್ಸ್ ಕ್ರೋಮ್‌ನಲ್ಲಿ ಇಲ್ಲ. ಸುಮ್ನೆ ಹುಡುಕಿ ಸಮಯ ಹಾಳು ಮಾಡಬೇಡಿ. ಅದು ಸಿಸ್ಟಮ್ ಭಾಷೆಯನ್ನೇ ಹಿಂಬಾಲಿಸುತ್ತದೆ. ಹಂತ 4 ಸರಿ ಮಾಡಿದ್ದರೆ ತಾನಾಗಿಯೇ ಬದಲಾಗಿರುತ್ತದೆ.

ಲಿಬ್ರೆ ಆಫೀಸ್‌ನಲ್ಲಿ ಎರಡು ಕೆಲಸ. ಮೊದಲು ಅದರ ಕನ್ನಡ ಪ್ಯಾಕ್ ಇರಬೇಕು. ಉಬುಂಟು, ಮಿಂಟ್‌ಗಳ ಪ್ಯಾಕೇಜ್ ಪಟ್ಟಿಯಲ್ಲಿ ಅದರ ಹೆಸರು "ಲಿಬ್ರೆಆಫೀಸ್-ಎಲ್10ಎನ್-ಕೆಎನ್". ಆಮೇಲೆ ಟೂಲ್ಸ್, ಆಪ್ಶನ್ಸ್, ಭಾಷಾ ವಿಭಾಗದಲ್ಲಿ ಯೂಸರ್ ಇಂಟರ್‌ಫೇಸ್ ಎಂಬಲ್ಲಿ ಕನ್ನಡ ಆರಿಸಿ, ರೀಸ್ಟಾರ್ಟ್ ಮಾಡಿ. ಫೈಲ್ ಇದ್ದ ಜಾಗದಲ್ಲಿ ಕಡತ ಎಂದು ಬಂದರೆ ಗೆದ್ದಿರಿ. ಅದೇ ಪುಟದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬ ಸಾಲಿಗೂ ಕನ್ನಡ ಕೊಡಿ. ಇದು ಮೆನುವಿಗಲ್ಲ, ನೀವು ಬರೆಯುವ ಪತ್ರಕ್ಕೆ. ಇದನ್ನು ಬಿಟ್ಟರೆ ಕನ್ನಡ ಪದಗಳಿಗೆ ಬೇಕಾದ ಫಾಂಟ್ ಮತ್ತು ಅಳತೆ ನಿಲ್ಲುವುದಿಲ್ಲ. ನೀವು 14 ಕೊಟ್ಟರೂ ಕನ್ನಡ ಮಾತ್ರ 12ರಲ್ಲೇ ಉಳಿದ ಅನುಭವ ಆಗಿದ್ದರೆ ಅದರ ಬೇರು ಇಲ್ಲೇ ಇರುವುದು. ಕನ್ನಡ, ತೆಲುಗು, ಹಿಂದಿಗಳಿಗೆ ಲಿಬ್ರೆ ಆಫೀಸ್ ಬೇರೆಯೇ ಫಾಂಟ್ ಮತ್ತು ಬೇರೆಯೇ ಅಳತೆ ಇಟ್ಟುಕೊಳ್ಳುತ್ತದೆ.

ಚಿತ್ರ ತಿದ್ದುವ ಜಿಂಪ್‌ನಲ್ಲಿ ಎಡಿಟ್, ಪ್ರಿಫರೆನ್ಸಸ್, ಇಂಟರ್‌ಫೇಸ್ ಒಳಗೆ ಭಾಷೆ ಉಂಟು. ಆದರೆ ನನ್ನ ಸಲಹೆ, ಜಿಂಪ್ ಕಲಿಯುತ್ತಿದ್ದರೆ ಇಂಗ್ಲಿಷ್‌ನಲ್ಲೇ ಬಿಡಿ. ಕಲಿಸುವ ವಿಡಿಯೋಗಳೆಲ್ಲ ಇಂಗ್ಲಿಷ್ ಮೆನು ತೋರಿಸುತ್ತವೆ, ಹೊಂದಿಸಿಕೊಳ್ಳುವುದು ತಲೆನೋವು.

ಫ್ಲ್ಯಾಟ್‌ಪ್ಯಾಕ್ ಎಂಬ ಬೇರೆ ವ್ಯವಸ್ಥೆಯ ಮೂಲಕ ಹಾಕಿದ ಆ್ಯಪ್‌ಗಳು ಜಾಗ ಉಳಿಸಲು ನಿಮ್ಮ ಸಿಸ್ಟಮ್ ಭಾಷೆಯ ಅನುವಾದವನ್ನು ಮಾತ್ರ ಇಳಿಸಿಕೊಂಡಿರುತ್ತವೆ. ಭಾಷೆ ಬದಲಾದ ಮೇಲೆ ಟರ್ಮಿನಲ್‌ನಲ್ಲಿ "ಫ್ಲ್ಯಾಟ್‌ಪ್ಯಾಕ್ ಅಪ್‌ಡೇಟ್" ಒಮ್ಮೆ ಓಡಿಸಿ.

## ಹಂತ 7: ಕೀಬೋರ್ಡ್, ಎಲ್ಲಕ್ಕಿಂತ ಕೊನೆಗೆ

ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ನುಡಿಯಲ್ಲಿ ಟೈಪ್ ಮಾಡಿ ಅಭ್ಯಾಸ ಇರುವವರು ಐಬಸ್-ಎಂ17ಎನ್ ಪ್ಯಾಕೇಜ್ ಹಾಕಿ, ಲಾಗ್‌ಔಟ್ ಮಾಡಿ ಬಂದು, ಇನ್‌ಪುಟ್ ಸೋರ್ಸ್ ಪಟ್ಟಿಯಲ್ಲಿ ಕನ್ನಡ ಕೆಜಿಪಿ ಸೇರಿಸಿ. ಒತ್ತಕ್ಷರಕ್ಕೆ ಎಫ್ ಕೀಲಿ, ನುಡಿಯ ಹಾಗೇ. ಕಾರ್ಕಳ ಬರೆಯಲು ಕೆ, ದೊಡ್ಡ ಎ, ಆರ್, ಎಫ್, ಕೆ, ದೊಡ್ಡ ಎಲ್. ಈ ವಿನ್ಯಾಸದ ಬೇರು ಕೆ. ಪಿ. ರಾವ್ ಅವರ ಕೀಲಿಮಣೆ. ಅವರು ನಮ್ಮ ಕಿನ್ನಿಕಂಬಳದವರೇ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸ ಬೇಕಾದವರಿಗೆ ಬೇರೆ ಪ್ಯಾಕೇಜ್ ಬೇಡ, ಬರೀ ಕನ್ನಡ ಎಂದಿರುವುದೇ ಅದು.

ಇಂಗ್ಲಿಷ್ ಕೀಬೋರ್ಡನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಪಟ್ಟಿಯಲ್ಲಿ ಅದೇ ಮೊದಲನೆಯದಾಗಿರಲಿ. ಒಂದು ಸಣ್ಣ ಗ್ರಂಥಾಲಯದಲ್ಲಿ ಹೀಗಾಯಿತು. ಬೆಳಿಗ್ಗೆ ಬಂದವರು ಪಾಸ್‌ವರ್ಡ್ ಹಾಕುತ್ತಾರೆ, ಚುಕ್ಕಿಗಳು ಸರಿಯಾಗಿಯೇ ಬೀಳುತ್ತವೆ, ಪಾಸ್‌ವರ್ಡ್ ತಪ್ಪು ಎನ್ನುತ್ತದೆ. ಐದು ಸಲ, ಹತ್ತು ಸಲ. ಕೊನೆಗೆ ಯಾರೋ ಹ್ಯಾಕ್ ಮಾಡಿದ್ದಾರೆ ಎಂಬ ತೀರ್ಮಾನಕ್ಕೆ ಬಂದಿದ್ದರು. ಲಾಗಿನ್ ಪರದೆಯ ಮೂಲೆಯಲ್ಲಿ ಸಣ್ಣದಾಗಿ ಕೆಎನ್ ಎಂದಿತ್ತು. ಪಾಸ್‌ವರ್ಡ್ ಕನ್ನಡ ಅಕ್ಷರದಲ್ಲಿ ಹೋಗುತ್ತಿತ್ತು. ಚುಕ್ಕಿಯಲ್ಲಿ ಭಾಷೆ ಕಾಣುವುದಿಲ್ಲ ಅಲ್ವಾ? ಆ ಮೂಲೆ ಒತ್ತಿ ಇಂಗ್ಲಿಷ್ ಮಾಡಿದರೆ ಬಾಗಿಲು ತೆರೆಯಿತು. ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಸೂಪರ್ (ವಿಂಡೋಸ್ ಗುರುತಿನ ಕೀಲಿ) ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೂ ಕೀಬೋರ್ಡ್ ಬದಲಾಗುತ್ತದೆ.

## ಹಂತ 8: ಟರ್ಮಿನಲ್ ಇಂಗ್ಲಿಷ್‌ನಲ್ಲೇ ಇರಲಿ

ಇದು ನನ್ನ ಅಭಿಪ್ರಾಯ, ಒಪ್ಪದವರು ಒಪ್ಪಬೇಡಿ. ಟರ್ಮಿನಲ್ ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಮನೆ ಕೊಡುತ್ತದೆ. ಕನ್ನಡದ ಒತ್ತು, ಗುಣಿತ ಆ ಮನೆಯಲ್ಲಿ ಹಿಡಿಸುವುದಿಲ್ಲ. ಬ್ರಹ್ಮಾವರ ಚೆಲ್ಲಾಪಿಲ್ಲಿಯಾಗುತ್ತದೆ. ದೋಷದ ಸಂದೇಶ ಕನ್ನಡದಲ್ಲಿ ಬಂದರೆ ಅದನ್ನು ಹಾಕಿ ಪರಿಹಾರ ಹುಡುಕಿದರೂ ಏನೂ ಸಿಗುವುದಿಲ್ಲ.

ಒಂದು ಆಜ್ಞೆಯನ್ನು ಮಾತ್ರ ಇಂಗ್ಲಿಷ್‌ನಲ್ಲಿ ಓಡಿಸಲು ಅದಕ್ಕಿಂತ ಮೊದಲು "ಲ್ಯಾಂಗ್ವೇಜ್=ಇಎನ್" ಎಂದು ಸೇರಿಸಿ, ಒಂದು ಜಾಗ ಬಿಟ್ಟು ಆಜ್ಞೆ ಬರೆಯಿರಿ. ಲ್ಯಾಂಗ್ವೇಜ್ ಪೂರಾ ದೊಡ್ಡಕ್ಷರ, ಸಮ ಚಿಹ್ನೆಯ ಎರಡೂ ಬದಿ ಜಾಗ ಬಿಡಬಾರದು. ಇದೇ ಸಾಲನ್ನು ಎಕ್ಸ್‌ಪೋರ್ಟ್ ಎಂಬ ಪದದ ಜೊತೆ, ಟರ್ಮಿನಲ್ ತೆರೆದಾಗಲೆಲ್ಲ ತಾನಾಗಿ ಓದಿಕೊಳ್ಳುವ ನಿಮ್ಮ ಬ್ಯಾಷ್ ಆರ್‌ಸಿ ಕಡತಕ್ಕೆ ಹಾಕಿದರೆ ಟರ್ಮಿನಲ್ ಯಾವಾಗಲೂ ಇಂಗ್ಲಿಷ್, ಉಳಿದದ್ದೆಲ್ಲ ಕನ್ನಡ.

ಕಂಟ್ರೋಲ್, ಆಲ್ಟ್, ಎಫ್3 ಒತ್ತಿದಾಗ ಬರುವ ಕಪ್ಪು ಪರದೆಯಲ್ಲಂತೂ ಕನ್ನಡ ಬರುವುದೇ ಇಲ್ಲ. ಅಲ್ಲಿನ ಫಾಂಟ್‌ನಲ್ಲಿ ಹೆಚ್ಚೆಂದರೆ 512 ಆಕಾರ ಹಿಡಿಯುತ್ತದೆ, ಅಕ್ಷರ ಜೋಡಿಸುವ ವಿದ್ಯೆಯೂ ಅದಕ್ಕಿಲ್ಲ. ಡಬ್ಬಿ ಕಂಡು ಹೆದರಬೇಡಿ.

## ತುಳು, ಕೊಂಕಣಿ ಆಗುತ್ತದಾ?

ಮಂಗಳೂರಿನವರು ಇದನ್ನು ಕೇಳದೆ ಬಿಡುವುದಿಲ್ಲ. ಲೊಕೇಲ್ ಪಟ್ಟಿಯಲ್ಲಿ ತುಳು ಉಂಟು, ಅದರ ಸಂಕೇತ ಟಿಸಿವೈ. ದಿನಾಂಕ, ವಾರದ ಹೆಸರು ಕನ್ನಡ ಲಿಪಿಯ ತುಳುವಿನಲ್ಲಿ ಬರುತ್ತದೆ. ಆದರೆ ಮೆನುವಿನ ಅನುವಾದ ಬೇರೆ ಮಾತು. ಬರೀ ತುಳು ಆರಿಸಿದರೆ ಮೆನು ಇಂಗ್ಲಿಷ್‌ಗೇ ಜಾರುತ್ತದೆ. ಫಾರ್ಮ್ಯಾಟ್ಸ್ ತುಳು, ಮೆನು ಕನ್ನಡ, ಆಮೇಲೆ ಇಂಗ್ಲಿಷ್ ಎಂದು ಇಟ್ಟುಕೊಳ್ಳುವುದು ನನಗೆ ಕಂಡ ಒಳ್ಳೆಯ ಜೋಡಣೆ. ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್ 16ಕ್ಕೆ ಸೇರಿತಲ್ಲ, ಅದರಿಂದ ಮೆನು ಬದಲಾಗುವುದಿಲ್ಲವೇ ಎನ್ನುತ್ತಾರೆ. ಇಲ್ಲ. ಅದು ಅಕ್ಷರಗಳಿಗೆ ಸಿಕ್ಕ ಜಾಗ, ಅನುವಾದ ಅಲ್ಲ.

ಕೊಂಕಣಿ ಲೊಕೇಲ್ ಕೂಡ ಉಂಟು, ಆದರೆ ಅದು ದೇವನಾಗರಿಯಲ್ಲಿದೆ. ಕನ್ನಡ ಲಿಪಿಯಲ್ಲಿ ಕೊಂಕಣಿ ಓದುವ ನಮ್ಮ ಊರಿನವರಿಗೆ ಅದು ಅಷ್ಟು ಒಗ್ಗುವುದಿಲ್ಲ.

## ಯಾವ ಲಕ್ಷಣ ಕಂಡರೆ ಎಲ್ಲಿ ನೋಡಬೇಕು

ಒಂದಕ್ಷರವೂ ಬದಲಾಗಿಲ್ಲ ಎಂದರೆ ಟರ್ಮಿನಲ್‌ನಲ್ಲಿ "ಲೊಕೇಲ್" ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಹಂತ 8ರಂತೆ ಬ್ಯಾಷ್ ಆರ್‌ಸಿಯಲ್ಲಿ ಸಾಲು ಹಾಕಿದ್ದರೆ ಈ ಪರೀಕ್ಷೆಗೆ ಅದನ್ನು ತೆಗೆದಿಡಿ. ಮೊದಲ ಎರಡು ಸಾಲು ಲ್ಯಾಂಗ್, ಲ್ಯಾಂಗ್ವೇಜ್. ಎರಡರಲ್ಲೂ ಕೆಎನ್ ಇಲ್ಲದಿದ್ದರೆ ಹಂತ 3 ಅಥವಾ 4 ತಪ್ಪಿದೆ. ಕೆಎನ್ ಇದ್ದೂ ಮೆನು ಇಂಗ್ಲಿಷ್ ಆಗಿದ್ದರೆ ಪ್ಯಾಕ್ ಇಳಿದಿಲ್ಲ. ಲ್ಯಾಂಗ್ ಎದುರು ಬರೀ ಒಂದು ಸಿ ಇದ್ದರೆ, ಲ್ಯಾಂಗ್ವೇಜ್ ಸಾಲಿನಲ್ಲಿ ಏನೇ ಬರೆದಿದ್ದರೂ ಸಿಸ್ಟಮ್ ಅದನ್ನು ಕಡೆಗಣಿಸುತ್ತದೆ.

"ಲೊಕೇಲ್ ಹೊಂದಿಸಲಾಗದು" ಎಂಬ ಅರ್ಥದ ಇಂಗ್ಲಿಷ್ ಎಚ್ಚರಿಕೆ ಟರ್ಮಿನಲ್‌ನಲ್ಲಿ ಮತ್ತೆ ಮತ್ತೆ ಬಂದರೆ, ಕನ್ನಡ ಆರಿಸಿದ್ದೀರಿ ಆದರೆ ಲೊಕೇಲ್ ತಯಾರಾಗಿಲ್ಲ. ಡೆಬಿಯನ್‌ನಲ್ಲಿ ಆ ಸ್ಪೇಸ್ ಬಾರ್ ನೆನಪಿಸಿಕೊಳ್ಳಿ.

ಎಲ್ಲ ಕಡೆ ಕನ್ನಡ, ಒಂದೇ ಆ್ಯಪ್ ಇಂಗ್ಲಿಷ್ ಎಂದರೆ ಸಿಸ್ಟಮ್ ಮುಟ್ಟಬೇಡಿ. ಆ ಆ್ಯಪಿನ ಸೆಟ್ಟಿಂಗ್ ನೋಡಿ. ಇದ್ದ ಸಿಸ್ಟಮ್ ಸೆಟ್ಟಿಂಗ್ ಕೆಡಿಸಿಕೊಂಡು ಮೊದಲಿನಿಂದ ಶುರು ಮಾಡಿದವರನ್ನು ನೋಡಿದ್ದೇನೆ.

## ದಾರಿ ತಪ್ಪಿದರೆ

ಉಬುಂಟುವಿನಲ್ಲಿ ಕಂಟ್ರೋಲ್, ಆಲ್ಟ್, ಟಿ ಒತ್ತಿ. ಮೆನು ಯಾವ ಭಾಷೆಯಲ್ಲಿದ್ದರೂ ಟರ್ಮಿನಲ್ ತೆರೆಯುತ್ತದೆ. ಕೀಬೋರ್ಡ್ ಇಂಗ್ಲಿಷ್‌ನಲ್ಲಿದೆಯಾ ನೋಡಿಕೊಳ್ಳಿ. ಸೆಟ್ಟಿಂಗ್ಸ್ ಕಿಟಕಿ ತೆರೆದಿದ್ದರೆ ಮೊದಲು ಅದನ್ನು ಮುಚ್ಚಿ. "ಲ್ಯಾಂಗ್ವೇಜ್=ಇಎನ್ ಗ್ನೋಮ್-ಕಂಟ್ರೋಲ್-ಸೆಂಟರ್" ಎಂದು ಕೊಟ್ಟರೆ ಸೆಟ್ಟಿಂಗ್ಸ್ ಕಿಟಕಿ ಇಂಗ್ಲಿಷ್‌ನಲ್ಲೇ ತೆರೆಯುತ್ತದೆ. ಅಲ್ಲಿಂದ ಹಂತ 3ಕ್ಕೆ ಹೋಗಿ ಭಾಷೆ ಸರಿ ಮಾಡಿ, ಲಾಗ್‌ಔಟ್ ಆಗಿ ಬನ್ನಿ. ಫೋಲ್ಡರ್ ಹೆಸರಿನ ಆ ಕಿಟಕಿ ಈಗಲೂ ಮತ್ತೆ ಬರಬಹುದು. ಮೊದಲ ಸಲ ಹಳೆ ಹೆಸರು ಇಟ್ಟುಕೊಂಡವರು ಈ ಸಲವೂ ಹಳೆಯದನ್ನೇ ಇಟ್ಟುಕೊಳ್ಳಿ.